ಪಾದ ಮುಳುಗುವಷ್ಟು ಅಲೆ

ಆಗಸ್ಟ್ 19, 2025, ಮಂಗಳವಾರ

ಅಕ್ಕನಿಗೆ ಕೋಪ ಬಂದಿದೆ. "ಒಂದು ತಿಂಗಳು ಹೇಳು ಅಂದ್ರೆ ಮೂರು ವಾರದಿಂದ ಹೇಳ್ತಾ ಇಲ್ಲ. ರಾಕೆಟ್ ಹಾರಿಸ್ತಿದ್ದೀಯೇನೇ?" ಅಂತ ಕೇಳಿ ಫೋನ್ ಇಟ್ಟಳು. ನಿಜ, ಹೇಳಿಲ್ಲ. ಅಮ್ಮನನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುವುದರಲ್ಲಿ ಬಾಕಿ ಎಲ್ಲಾ ಕೆಲಸ ಅವಳದು. ನನ್ನ ಪಾಲಿಗೆ ಬಂದಿದ್ದು ಒಂದೇ, ಯಾವಾಗ ಹೋಗಬೇಕು ಅಂತ ಹುಡುಕಿ ಹೇಳುವುದು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಒಪ್ಪಿಕೊಂಡಿದ್ದೆ.

ಈ ಕೆಲಸ ನನಗೇ ಯಾಕೆ ಬಂತು ಅಂತ ಗೊತ್ತು. ಅದೇ ನವೆಂಬರ್ ಕಥೆ. ಮನೆಯಲ್ಲಿ ಇನ್ನೂ ನಗುತ್ತಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ನಾವಿಬ್ಬರೂ ಕೋ ಸಮುಯಿ ದ್ವೀಪಕ್ಕೆ ಹೋಗಿದ್ದೆವು. "ನವೆಂಬರ್ ಬಂತು ಅಂದ್ರೆ ಥೈಲ್ಯಾಂಡ್ ಸೀಸನ್ ಶುರು ಮೇಡಂ" ಅಂದಿದ್ದ, ಟಿಕೆಟ್ ಮಾಡಿಸಿಕೊಟ್ಟವನು. ಸುಳ್ಳೂ ಅಲ್ಲ ಅದು. ಅಂಡಮಾನ್ ಸಮುದ್ರದ ಕಡೆ ಇರುವ ಫುಕೆಟ್, ಕ್ರಾಬಿಗೆ ಸರಿಯಾದ ಮಾತು. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯದ ಮಳೆ, ನವೆಂಬರಿಗೆ ಬಿಡುತ್ತದೆ. ಸಮುಯಿ ಇರುವುದು ಆಚೆ ಬದಿಗೆ, ಥೈಲ್ಯಾಂಡ್ ಕೊಲ್ಲಿಯಲ್ಲಿ. ಅದಕ್ಕೆ ಮಳೆ ತರುವುದು ಈಶಾನ್ಯದ ಗಾಳಿ. ವರ್ಷದ ಅತಿ ಜೋರು ಮಳೆ ಅಲ್ಲಿ ಬೀಳುವುದೇ ನವೆಂಬರಿನಲ್ಲಿ. ಒಂದೇ ದೇಶ, ಎರಡು ಸಮುದ್ರ, ಎರಡು ಮಳೆಗಾಲ. ನಾವು ಸರಿಯಾದ ತಿಂಗಳಲ್ಲಿ ತಪ್ಪು ಸಮುದ್ರಕ್ಕೆ ಹೋಗಿದ್ದೆವು.

ಐದು ದಿನ. ಮಳೆ ನನಗೇನೂ ಬೇಜಾರು ಮಾಡಲಿಲ್ಲ, ನಿಜ ಹೇಳಬೇಕೆಂದರೆ. ಬೇಜಾರಾಗಿದ್ದು ಆ ಬಾವುಟ ನೋಡಿ. ಮರಳಿನ ಮೇಲೆ ನೆಟ್ಟ ಕೋಲಿಗೆ, ನೀರಿಗಿಳಿಯಬೇಡಿ ಅನ್ನುವ ಕೆಂಪು ಬಾವುಟ, ನೆಂದು ಕೋಲಿಗೇ ಸುತ್ತಿಕೊಂಡಿತ್ತು. ದಿನಕ್ಕೆರಡು ಸಲ ಒಬ್ಬ ಹುಡುಗ ಬಂದು ಅದನ್ನು ಬಿಡಿಸಿ ಹೋಗುತ್ತಿದ್ದ. ಹತ್ತು ನಿಮಿಷಕ್ಕೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಒರಗು ಕುರ್ಚಿಗಳನ್ನೆಲ್ಲ ತಲೆಕೆಳಗು ಮಾಡಿ ಒಂದರ ಮೇಲೊಂದು ಪೇರಿಸಿದ್ದರು. ನೀರು ನೀಲಿಯೂ ಅಲ್ಲ, ಹಸಿರೂ ಅಲ್ಲ, ಚಹಾ ಬಣ್ಣ. ಸಮುದ್ರ ಹತ್ತು ಹೆಜ್ಜೆ ದೂರದಲ್ಲಿತ್ತು, ಮುಟ್ಟಲಿಕ್ಕಾಗಲಿಲ್ಲ.

ಅಷ್ಟಾದ ಮೇಲೆ ಈ ಮನೆಯಲ್ಲಿ ಹವಾಮಾನ ಇಲಾಖೆ ನಾನೇ.

ಇವತ್ತು ಬರೆಯಬೇಕು ಅನ್ನಿಸಿದ್ದು ಅದಕ್ಕಲ್ಲ. ಸಂಜೆ ಅಮ್ಮನ ಜೊತೆ ಆದ ಮಾತಿಗೆ. ಅಕ್ಕ ಸಿಟ್ಟಿನಲ್ಲಿ ಅಮ್ಮನಿಗೇ ಫೋನ್ ಮಾಡಿ "ನಿನ್ನ ಚಿಕ್ಕ ಮಗಳು ಇನ್ನೂ ಲೆಕ್ಕ ಹಾಕ್ತಿದ್ದಾಳೆ" ಅಂತ ಹೇಳಿದ್ದಾಳೆ. ಅಮ್ಮ ನನಗೆ ಮಾಡಿದರು.

"ಏನೇ ಅದು, ಅಷ್ಟೊಂದು ಲೆಕ್ಕ?"

"ಮಳೆ ಇಲ್ಲದ ತಿಂಗಳು ಹುಡುಕ್ತಿದ್ದೀನಮ್ಮಾ."

"ಮಳೆ ಬಂದ್ರೆ ಏನಾಗುತ್ತೆ? ಮಳೆ ನೋಡಿಲ್ವಾ ನಾವು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರದಿಂದ ಮಳೆಯ ಮಿಲಿಮೀಟರ್ ನೋಡುತ್ತಾ ಕೂತವಳಿಗೆ ಈ ಪ್ರಶ್ನೆ ಬಂದಿರಲೇ ಇಲ್ಲ. ಆ ಮಿಲಿಮೀಟರೂ ಒಂದು ಮೋಸ. ತಿಂಗಳಿಗೆ 200 ಮಿಲಿಮೀಟರ್ ಅಂತ ಬರೆದಿರುತ್ತಾರೆ. ಅದು ದಿನಾ ಮಧ್ಯಾಹ್ನ ಮುಕ್ಕಾಲು ಗಂಟೆ ಸುರಿದು ಬಿಡುವ ಮಳೆಯೋ, ಮೂರು ದಿನ ಬಿಡದೆ ಹಿಡಿಯುವ ಮಳೆಯೋ, ಯಾರಿಗೆ ಗೊತ್ತು? ಫೋನಿನಲ್ಲಿ ನೋಡಿದರೆ ಹತ್ತು ದಿನಕ್ಕೂ ಅದೇ ಗುಡುಗು ಮೋಡದ ಚಿತ್ರ. ಉಷ್ಣವಲಯದ ದ್ವೀಪಗಳಲ್ಲಿ ಯಾವ ದಿನವಾದರೂ ಎಲ್ಲೋ ಒಂದು ಹನಿ ಬಿದ್ದೇ ಬೀಳುತ್ತದೆ, ಫೋನಿಗೆ ಅಷ್ಟು ಸಾಕು, ಇಡೀ ದಿನಕ್ಕೆ ಮೋಡ ಅಂಟಿಸಿಬಿಡುತ್ತದೆ.

"ಸರಿ, ನಿಂಗೇನು ಬೇಕಮ್ಮ ಅಲ್ಲಿ?" ಅಂದೆ. ಸುಮ್ನೆ ಕೇಳಿದ್ದು. ಅಮ್ಮ ಯಾವತ್ತೂ ಏನೂ ಬೇಕು ಅಂದವರಲ್ಲ, "ನಿಮಗೆ ಹೇಗೆ ಅನುಕೂಲವೋ ಹಾಗೆ" ಅನ್ನುತ್ತಾರೆ ಅಂತಲೇ ಅಂದುಕೊಂಡಿದ್ದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. "ಅಲೆ ಬಂದು ವಾಪಸ್ ಹೋಗುವಾಗ ಕಾಲಡಿ ಮರಳು ಜಾರುತ್ತಲ್ಲ? ಹಿಮ್ಮಡಿ ಹತ್ರ ಗುಂಡಿ ಆಗುತ್ತೆ ನೋಡು. ನಾವು ನಿಂತಲ್ಲೇ ನಿಂತಿರ್ತೀವಿ, ಆದ್ರೂ ಎಲ್ಲೋ ಹೋಗ್ತಿದ್ದೀವಿ ಅನ್ನಿಸುತ್ತೆ. ಅದು ಬೇಕು."

ಅದು ಬೇಕು. ಇಷ್ಟು ಸ್ಪಷ್ಟವಾಗಿ ಅಮ್ಮ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

ಆಮೇಲೆ ಅವರೇ, "ಕೂತ್ಕೊಳ್ಳೋಕೆ ನೆರಳಿದ್ರೆ ಸಾಕು ಬಿಡು, ಅದಿಲ್ಲದಿದ್ರೂ ನಡೆಯುತ್ತೆ" ಅಂತ ಮಾತು ತಿರುಗಿಸಿ ಇಟ್ಟುಬಿಟ್ಟರು.

ಊಟ ಆದ ಮೇಲೆ ಮತ್ತೆ ಲ್ಯಾಪ್‌ಟಾಪ್ ತೆಗೆದೆ. ನಾನು ಇಷ್ಟು ದಿನ ಮಾಡಿದ ಪಟ್ಟಿಯಲ್ಲಿ ಮಳೆ ಇತ್ತು, ಬಿಸಿಲಿತ್ತು, ಸೆಕೆ ಇತ್ತು. ಅಲೆ ಇರಲಿಲ್ಲ. ಸಮುದ್ರಕ್ಕೆ ಹೋಗುವ ಪಟ್ಟಿಯಲ್ಲಿ ಸಮುದ್ರವೇ ಇರಲಿಲ್ಲ, ನೋಡಿ.

ಎಲ್ಲಾ ಮತ್ತೆ ಮೊದಲಿನಿಂದ. ಮೇಲಿಂದ ಏನು ಬೀಳುತ್ತದೆ ಅನ್ನುವುದನ್ನು ಬಿಟ್ಟು, ಗಾಳಿ ಎಲ್ಲಿಂದ ಬೀಸುತ್ತದೆ ಅಂತ ನೋಡಬೇಕು. ಸಮುದ್ರದ ಕಡೆಯಿಂದ ದಡಕ್ಕೆ ಬೀಸಿದರೆ ಅಲೆ ಏಳುತ್ತದೆ, ನೀರು ಕಲಕುತ್ತದೆ, ಬಾವುಟ ಕೆಂಪಾಗುತ್ತದೆ. ದಡದಿಂದ ಆಚೆಗೆ ಬೀಸಿದರೆ ಅದೇ ಸಮುದ್ರ ತಟ್ಟೆಯ ಹಾಗೆ. ಶ್ರೀಲಂಕಾದ ನೈಋತ್ಯ ತೀರಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು, ಪೂರ್ವದ ಟ್ರಿಂಕೊಮಲಿಗೆ ಮೇ ತಿಂಗಳಿಂದ ಸೆಪ್ಟೆಂಬರ್. ಮಲೇಷ್ಯಾದಲ್ಲೂ ಅದೇ ಕಥೆ. ಪೂರ್ವದ ಪೆರ್ಹೆಂಟಿಯನ್ ದ್ವೀಪಗಳಲ್ಲಿ ಈಶಾನ್ಯ ಗಾಳಿಯ ತಿಂಗಳುಗಳಲ್ಲಿ ರೆಸಾರ್ಟುಗಳು ಬಾಗಿಲು ಹಾಕಿಕೊಳ್ಳುತ್ತವೆ, ಅದೇ ಹೊತ್ತಿಗೆ ಪಶ್ಚಿಮದ ಲಂಕಾವಿಯಲ್ಲಿ ಜನವೋ ಜನ.

ಬಾಲಿ ನನ್ನನ್ನು ಚೆನ್ನಾಗಿ ಏಮಾರಿಸಿತು. ಏಪ್ರಿಲ್‌ನಿಂದ ಅಕ್ಟೋಬರ್ ಅಲ್ಲಿ ಒಣಗಾಲ, ಬಿಸಿಲು, ತಂಪು ಗಾಳಿ. ಎಲ್ಲರೂ ಅದನ್ನೇ ಒಳ್ಳೆ ಸೀಸನ್ ಅನ್ನುತ್ತಾರೆ. ಆದರೆ ಅಲೆಯ ಮೇಲೆ ಹಲಗೆ ಹಾಕಿಕೊಂಡು ಜಾರುವವರು ಅಲ್ಲಿನ ಉಲುವಾಟು ದಡಕ್ಕೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಆಗ ದಕ್ಷಿಣ ಧ್ರುವದ ಕಡೆ ಚಳಿಗಾಲ. ಅಲ್ಲಿನ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಉರುಳಿಕೊಂಡು ಬಂದು ಬಾಲಿಗೆ ಬಡಿಯುತ್ತದೆ. ಮೇಲೆ ನೀಲಿ ಆಕಾಶ, ಕೆಳಗೆ ಮನುಷ್ಯನನ್ನು ಮಗುಚಿ ಹಾಕುವ ಅಲೆ. ಹೊಸ ಮಂಡಿ ಹಾಕಿಸಿಕೊಂಡ ಅಮ್ಮನನ್ನು ಅದರ ಮುಂದೆ ನಿಲ್ಲಿಸುವುದನ್ನು ನೆನೆಸಿಕೊಂಡರೇ ಕೈ ತಣ್ಣಗಾಗುತ್ತದೆ.

ಹಾಗಂತ ಅಲೆಯೇ ಇಲ್ಲದ ಕಡೆ ಹೋಗೋಣ ಅಂದರೆ ಅದೂ ಆಗದು. ಅಕ್ಕನ ಮನಸ್ಸಿರುವುದು ಮಾಲ್ಡೀವ್ಸ್ ಮೇಲೆ. ಹವಳದ ದಿಬ್ಬ ಹೊರಗೇ ಅಲೆಯನ್ನು ಒಡೆದು ಹಾಕುತ್ತದೆ. ಒಳಗಿನ ನೀರು ಫೆಬ್ರವರಿಯಲ್ಲಿ ಬಕೆಟ್ಟಿನಲ್ಲಿಟ್ಟ ನೀರಿನ ಹಾಗೆ. ಫೋಟೋದಲ್ಲಿ ಚೆಂದ. ಆದರೆ ಬಕೆಟ್ಟಿನಲ್ಲಿ ಕಾಲಿಟ್ಟರೆ ಹಿಮ್ಮಡಿಯಡಿ ಮರಳು ಜಾರುತ್ತದಾ? ಇಲ್ಲ. ಅಮ್ಮ ಕೇಳಿದ್ದು ಅದನ್ನೊಂದೇ.

ಅಂದರೆ ನನಗೆ ಬೇಕಾಗಿರುವುದು ಪಾದ ಮುಳುಗುವಷ್ಟು ಅಲೆ. ಮೊಣಕಾಲು ಮುಟ್ಟಬಾರದು, ಇಲ್ಲವೂ ಆಗಬಾರದು. ಯಾವ ರೆಸಾರ್ಟಿನವರೂ ಇದನ್ನು ಬರೆದಿಲ್ಲ. "ವರ್ಷವಿಡೀ ಸುಂದರ" ಅಂತ ಬರೆದಿದ್ದಾರೆ. ವರ್ಷವಿಡೀ ಸುಂದರ ಅಂದರೆ ಯಾವಾಗ ಬಂದರೂ ನಮ್ಮ ಜವಾಬ್ದಾರಿ ಅಲ್ಲ ಅಂತ ಅರ್ಥ.

ಮಾಲ್ಡೀವ್ಸ್ ಬಗ್ಗೆ ಓದುವಾಗ ಒಂದು ವಿಷಯ ಸಿಕ್ಕಿ ಖುಷಿಯಾಯಿತು. ಅಲ್ಲಿನ ಹಳೆಯ ಲೆಕ್ಕದಲ್ಲಿ ವರ್ಷಕ್ಕೆ 27 ಭಾಗ. ನಕಯ್ ಅನ್ನುತ್ತಾರೆ, ಒಂದೊಂದು 13 ಅಥವಾ 14 ದಿನ. ಯಾವ ನಕಯ್‌ಗೆ ಗಾಳಿ ಏಳುತ್ತದೆ, ಯಾವಾಗ ಸಮುದ್ರ ಶಾಂತವಾಗಿರುತ್ತದೆ ಅಂತ ಮೀನು ಹಿಡಿಯುವವರು ಅದರಲ್ಲೇ ಲೆಕ್ಕ ಇಡುತ್ತಿದ್ದರು. ಹೆಸರು ಓದುತ್ತಾ ಹೋದೆ. ಅಸ್ಸಿಧ, ಬುರುನು, ಕೆತಿ, ರೋನು. ಎರಡು ಸಲ ಬಾಯಲ್ಲಿ ಹೇಳಿಕೊಂಡ ಮೇಲೆ ಹೊಳೆಯಿತು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ! ಸಮುದ್ರದ ಮಧ್ಯೆ ನೆಂಟರು ಸಿಕ್ಕ ಹಾಗಾಯಿತು. ಅಸ್ಸಿಧ ಶುರುವಾಗುವುದು ಏಪ್ರಿಲ್ 8ಕ್ಕೆ, ಅಲ್ಲಿಂದ ನೈಋತ್ಯ ಗಾಳಿಯ ಕಾಲ. ಡಿಸೆಂಬರಿನಿಂದ ಈಶಾನ್ಯದ ಒಣಗಾಲ, ಅದಕ್ಕೆ ಇರುವೈ ಅಂತ ಹೆಸರು.

ಈ ಒಣಗಾಲವೂ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಡಿಸೆಂಬರ್ ಕೊನೆಯ ವಾರ ಅಲ್ಲಿ ಅತಿ ದುಬಾರಿ, ಆದರೆ ಮಳೆ ಪೂರ್ತಿ ಹೋಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಫೆಬ್ರವರಿ, ಮಾರ್ಚ್ ಅದಕ್ಕಿಂತ ಒಣ. ಹಾಗಾದರೆ ಪೀಕ್ ಸೀಸನ್ ಅಂದರೆ ಯಾರ ಪೀಕ್? ಯುರೋಪಿನಲ್ಲಿ ಹಿಮ ಬೀಳುತ್ತಿರುತ್ತದೆ, ರಜೆ ಸಿಕ್ಕಿರುತ್ತದೆ, ಓಡಿ ಬರುತ್ತಾರೆ. ಬೆಲೆ ಏರುವುದು ಅವರ ಚಳಿಗೆ. ಸಮುದ್ರಕ್ಕೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಇವರು ಪಕ್ಕದಲ್ಲಿ ಕೂತು, "ನನ್ನ ಫ್ರೆಂಡ್ ಸೆಪ್ಟೆಂಬರಲ್ಲಿ ಕೆರಿಬಿಯನ್‌ಗೆ ಹೋಗ್ತಾನೆ, ಅರ್ಧಕ್ಕರ್ಧ ರೇಟು" ಅಂದರು. ಜೂನ್ 1ರಿಂದ ನವೆಂಬರ್ 30 ಅಲ್ಲಿ ಚಂಡಮಾರುತದ ಕಾಲ, ಸೆಪ್ಟೆಂಬರ್ 10ರ ಆಸುಪಾಸು ಅದರ ತುತ್ತತುದಿ. ಅರ್ಧ ರೇಟು ಯಾಕೆ ಅಂತ ಕೇಳಬಾರದಾ? ಅಲ್ಲಿನ ಅರೂಬಾ ದ್ವೀಪದ ಕಡೆ ಹೋಗುವುದಾದರೆ ಪರವಾಗಿಲ್ಲ, ತೀರಾ ದಕ್ಷಿಣಕ್ಕಿದೆ, ಅಲ್ಲಿಗೆ ಬರುವುದು ಅಪರೂಪ. ಇಷ್ಟೆಲ್ಲ ಹೇಳುವಷ್ಟರಲ್ಲಿ ಇವರು ನಿದ್ದೆ ಹೋಗಿದ್ದರು.

ಇನ್ನೊಂದು ತಲೆನೋವು ಅಕ್ಕನ ಮಗ. ಅವನಿಗೆ ಮಂಟಾ ಮೀನು ನೋಡಬೇಕು. ಮಾಲ್ಡೀವ್ಸ್‌ನ ಬಾ ಅಟಾಲ್ ಅನ್ನುವ ಹವಳದ ದ್ವೀಪಗಳ ಗುಂಪಿನಲ್ಲಿ ಹನಿಫರು ಅಂತ ಒಂದು ಚಿಕ್ಕ ಕೊಲ್ಲಿ ಇದೆ. ನೈಋತ್ಯ ಗಾಳಿಯ ತಿಂಗಳುಗಳಲ್ಲಿ ಸಮುದ್ರದ ಸಣ್ಣ ಸಣ್ಣ ಜೀವಿಗಳೆಲ್ಲ ಬಂದು ಅದರೊಳಗೆ ತುಂಬಿಕೊಳ್ಳುತ್ತವೆ. ಅದನ್ನು ತಿನ್ನಲು ಮಂಟಾಗಳು ಹಿಂಡುಗಟ್ಟಿ ಬರುತ್ತವೆ, ರೆಕ್ಕೆ ಬಡಿಯುತ್ತಾ, ಬಾಯಿ ತೆರೆದುಕೊಂಡು. ಅಂದರೆ ಮನುಷ್ಯರು ಕೆಟ್ಟ ಸೀಸನ್ ಅನ್ನುವುದೇ ಅವಕ್ಕೆ ಹಬ್ಬ. "ಚಿಕ್ಕಿ, ಆಗಸ್ಟ್ ಬೆಸ್ಟ್" ಅಂತ ಮೆಸೇಜು ಹಾಕಿದ್ದಾನೆ. ಅವನ ಮಟ್ಟಿಗೆ ಸರಿಯೇ ಇದೆ. ಪಾಪ, ಅವನಿಗೆ ಏನು ಹೇಳಲಿ? ಅಜ್ಜಿಯ ಹಿಮ್ಮಡಿಗೂ ನಿನ್ನ ಮಂಟಾಗೂ ಗಾಳಿ ಒಪ್ಪುತ್ತಿಲ್ಲ ಕಣೋ ಅನ್ನಲಾ?

ಸದ್ಯಕ್ಕೆ ನನ್ನ ಮನಸ್ಸು ವಾಲಿರುವುದು ಅಂಡಮಾನ್ ಸಮುದ್ರದ ಕಡೆಗೇ. ಹೌದು, ಅದೇ ಥೈಲ್ಯಾಂಡ್, ಈ ಸಲ ಸರಿಯಾದ ಮಗ್ಗುಲು. ಫೆಬ್ರವರಿ. ಹವಳದ ಗೋಡೆ ಅಡ್ಡ ಇಲ್ಲದ, ತೆರೆದ ಉದ್ದನೆಯ ದಡ. ಈಶಾನ್ಯ ಗಾಳಿ ನೆಲದ ಮೇಲಿಂದ ಬರುವುದರಿಂದ ಅಲೆ ಸಣ್ಣದು. ಸಣ್ಣದು, ಆದರೆ ಇರುತ್ತದೆ. ಬಂದು ಹೋಗುತ್ತದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಾಗ ಉಬ್ಬರ ಇಳಿತ ನೆನಪಾಯಿತು. ಆ ಕಡೆ ಇಳಿತ ಜಾಸ್ತಿ. ಕ್ರಾಬಿಯ ರೈಲೇ ಪೂರ್ವ ದಡದಲ್ಲಂತೂ ನೀರು ಹಿಂದೆ ಸರಿದರೆ ಬರೀ ಕೆಸರು. ದಡ ನೋಡಿ ಆರಿಸಿದರೂ ಇನ್ನೊಂದು ಪೇಚು ಇದೆ. ಒಣ ಮರಳಿನ ಮೇಲೆ ನಡೆಯುವುದು ಮಂಡಿಗೆ ಕಷ್ಟ, ಪಾದ ಹೂತುಹೋಗುತ್ತದೆ. ನೀರು ಇಳಿದಾಗ ಬಿಡುವ ಒದ್ದೆ ಮರಳು ಗಟ್ಟಿ, ಅದರ ಮೇಲೆ ಅಮ್ಮ ಆರಾಮಾಗಿ ನಡೆಯಬಹುದು. ಆದರೆ ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಬೆಳಗ್ಗೆ ಆರಕ್ಕೆ ಇದ್ದರೆ ಐದನೆಯ ದಿನ ಒಂಬತ್ತೂ ಇಪ್ಪತ್ತು. ಅಷ್ಟು ಹೊತ್ತಿಗೆ ಅಲ್ಲಿನ ಬಿಸಿಲು ಕೂದಲು ಸುಡುತ್ತಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ತುಂಬಾ ಮೇಲೆ ಬರುತ್ತದೆ, ತುಂಬಾ ದೂರ ಹೋಗುತ್ತದೆ. ಅರ್ಧ ಚಂದ್ರನ ದಿನಗಳಲ್ಲಿ ಎರಡೂ ಕಮ್ಮಿ.

ಕ್ಯಾಲೆಂಡರ್ ತೆಗೆದು ನೋಡಿದೆ. ಫೆಬ್ರವರಿ 9, ಸೋಮವಾರ, ಅರ್ಧ ಚಂದ್ರ. ಆ ವಾರ ಪೂರ್ತಿ ರಜೆ ಕೇಳಬೇಕು. ಹಾಕಿಯೂ ಬಿಟ್ಟೆ, ರಾತ್ರಿ ಹನ್ನೊಂದೂವರೆಗೆ. ಕಾರಣ ಅನ್ನುವ ಜಾಗದಲ್ಲಿ ಏನು ಬರೆಯುವುದು ಗೊತ್ತಾಗದೆ "ಮನೆ ಕೆಲಸ" ಅಂತ ಬರೆದೆ. ಕೊಡುತ್ತಾರೋ ಇಲ್ಲವೋ. ಕೊಡದಿದ್ದರೆ ಗಾಳಿ, ಚಂದ್ರ, ಅಲೆ ಎಲ್ಲವನ್ನೂ ಎತ್ತಿ ಪಕ್ಕಕ್ಕಿಡಬೇಕು.

ಅಕ್ಕನಿಗೆ "ಫೆಬ್ರವರಿ" ಅಂತ ಒಂದೇ ಪದ ಕಳಿಸಿದ್ದೇನೆ. ನೋಡಿದ್ದಾಳೆ, ಉತ್ತರ ಇಲ್ಲ.

ಒಂದು ಮಾತ್ರ ಬಾಕಿ ಇದೆ. ರೂಮು ದಡದ ಯಾವ ಕಡೆಗೆ ತಗೊಳ್ಳಬೇಕು, ಬೆಳಗ್ಗೆ ನಡೆಯುವುದೋ ಸಂಜೆಯೋ ಅನ್ನುವುದೆಲ್ಲ ಅಮ್ಮ ಎಷ್ಟು ಹೊತ್ತಿಗೆ ಏಳುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಮೊದಲೆಲ್ಲ ಐದಕ್ಕೇ ಎದ್ದು ಓಡಾಡುತ್ತಿದ್ದರು. ಆಪರೇಷನ್ ಆದ ಮೇಲೆ, ರಾತ್ರಿ ನೋವಿಗೆ ನಿದ್ದೆ ಬರುತ್ತದೋ ಇಲ್ಲವೋ, ಈಗ ಎಷ್ಟಕ್ಕೆ ಏಳುತ್ತಾರೆ? ನಾನು ಕೇಳಿಯೇ ಇಲ್ಲ.