ಸ್ಪೇಸ್ ವೆಸ್ಟರ್ನ್ ಆಡೋಕೆ ಯಾವ ರೂಲ್ಸ್? ಮೊದಲು ಹಡಗಿನ ಸಾಲ ನೋಡಿ

"ಸ್ಪೇಸ್ ವೆಸ್ಟರ್ನ್ ಕ್ಯಾಂಪೇನ್ ಶುರು ಮಾಡ್ಬೇಕು, ಯಾವ ಸಿಸ್ಟಮ್ ತಗೊಳ್ಳಲಿ?" ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಆಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಹಲವು ಸೆಷನ್ ಓಡುವ ಕಥೆಗೆ ಕ್ಯಾಂಪೇನ್ ಅಂತಾರೆ, ಆಡುವ ರೂಲ್ಸಿಗೆ ಸಿಸ್ಟಮ್. ಅವರ ತಲೆಯಲ್ಲಿರುವ ಕಥೆ ಹೆಚ್ಚುಕಡಿಮೆ ಒಂದೇ. ಒಂದು ಹಳೇ ಅಂತರಿಕ್ಷ ಹಡಗು, ಕೈಯಲ್ಲಿ ಕಾಸಿಲ್ಲದ ನಾಲ್ಕೈದು ಜನ, ಸೊಂಟಕ್ಕೆ ಪಿಸ್ತೂಲು, ಸರ್ಕಾರ ಸರಿಯಾಗಿ ತಲುಪದ ದೂರದ ಗ್ರಹಗಳು. ಆದರೆ ವಿಚಾರಿಸುವುದು ಮಾತ್ರ ಹಡಗುಗಳ ಕಾಳಗದ ಬಗ್ಗೆ, ಏಲಿಯನ್‌ಗಳ ಬಗ್ಗೆ, ಲೇಸರ್ ಬಂದೂಕಿನ ಪಟ್ಟಿಯ ಬಗ್ಗೆ.

ನಾನು ನೋಡುವುದು ಬೇರೆ. ಈ ಬಗೆಯ ಕಥೆ ಓಡುವುದೇ ಹೊಟ್ಟೆಪಾಡಿನ ಮೇಲೆ. ಕೆಲಸ ಸರಿಯಿಲ್ಲ, ಕೊಡುವವನೂ ಸರಿಯಿಲ್ಲ ಅಂತ ಗೊತ್ತಿದ್ದೂ ಇವರು ಯಾಕೆ ಒಪ್ಪಿಕೊಳ್ಳುತ್ತಾರೆ? ದುಡ್ಡಿಲ್ಲ, ಅದಕ್ಕೆ. ಈ ಇಕ್ಕಟ್ಟನ್ನು ರೂಲ್ಸೇ ತಂದೊಡ್ಡುತ್ತವಾ, ಇಲ್ಲಾ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವರು) ಆದವರು ಪ್ರತಿ ಸೆಷನ್ನಿನಲ್ಲೂ "ನಿಮ್ಮ ಹತ್ರ ದುಡ್ಡಿಲ್ಲ ಕಣ್ರೋ" ಅಂತ ನೆನಪಿಸುತ್ತಾ ಕೂರಬೇಕಾ? ಇದು ಮೊದಲ ಪರೀಕ್ಷೆ. ಎರಡನೆಯದು, ಯಾರಾದರೂ ಪಿಸ್ತೂಲು ಹೊರಗೆ ತೆಗೆದಾಗ ಮೇಜಿನ ಸುತ್ತ ಕೂತವರಿಗೆ ನಿಜವಾಗಿ ಭಯ ಆಗಬೇಕು.

ಈ ಎರಡರಲ್ಲೂ ಟ್ರಾವೆಲರ್ ಅನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. 1977ರಲ್ಲಿ ಬಂದ ಆಟ. ಈಗ ಆಡಲು ಸುಲಭವಾಗಿ ಸಿಗುವುದು ಮಂಗೂಸ್ ಪಬ್ಲಿಷಿಂಗ್‌ನ ಎರಡನೇ ಆವೃತ್ತಿ. ಇದರಲ್ಲಿ ಹಡಗನ್ನು ಸಾಲದ ಮೇಲೆ ಕೊಂಡರೆ ತಿಂಗಳಿಗೆ ಬೆಲೆಯ 240ನೇ ಒಂದು ಭಾಗ ಕಂತು ಕಟ್ಟಬೇಕು, ಅದೂ 480 ತಿಂಗಳು. ಲೆಕ್ಕ ಹಾಕಿ ನೋಡಿ. 2.4 ಕೋಟಿ ಕ್ರೆಡಿಟ್‌ನ (ಆಟದೊಳಗಿನ ದುಡ್ಡು) ಹಡಗಿಗೆ ತಿಂಗಳಿಗೆ 1 ಲಕ್ಷ, ನಲವತ್ತು ವರ್ಷ. ತೀರಿಸುವಷ್ಟರಲ್ಲಿ ಎರಡು ಹಡಗಿನ ದುಡ್ಡು ಕೊಟ್ಟಿರುತ್ತೀರಿ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಂಪ್ ಮಾಡಲು ಸುಮಾರು ಒಂದು ವಾರ ಬೇಕು. ಇಳಿದ ಮೇಲೆ ಸರಕು ಹುಡುಕಲು, ಇಂಧನ ತುಂಬಲು ಇನ್ನೊಂದು ವಾರ. ಅಂದರೆ ತಿಂಗಳಿಗೆ ಎರಡೇ ಟ್ರಿಪ್ಪು. ಅಷ್ಟರಲ್ಲಿ ಕಂತು, ಇಂಧನ, ಸಂಬಳ ಎಲ್ಲಾ ದುಡಿಯಬೇಕು. ಪೆಟ್ಟಿಗೆಯೊಳಗೆ ಏನಿದೆ ಅಂತ ಕೇಳಬಾರದು ಅನ್ನುವ ಷರತ್ತಿಗೆ ನಿಮ್ಮ ಆಟಗಾರರು ತಾವಾಗಿಯೇ ತಲೆಯಾಡಿಸುತ್ತಾರೆ.

ಜಂಪ್‌ಗೆ ಇನ್ನೊಂದು ಗುಣವೂ ಇದೆ. ಸುದ್ದಿ ಕೂಡ ಹಡಗಿನಲ್ಲೇ ಹೋಗಬೇಕು. ರೇಡಿಯೋ ಇಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಗ್ರಹದಲ್ಲಿ ಕಿತಾಪತಿ ಮಾಡಿ ಹಾರಿದರೆ, ನಿಮ್ಮ ಮೇಲಿನ ವಾರಂಟು ಹಿಂದಿನಿಂದ ಇನ್ನೊಂದು ಹಡಗು ಹತ್ತಿ ಬರುತ್ತಿರುತ್ತದೆ. ಪೊಲೀಸಿಗಿಂತ ಮೊದಲು ಊರು ಬಿಡುವ ವೆಸ್ಟರ್ನ್ ಕಥೆಗೆ ಇದಕ್ಕಿಂತ ಇನ್ನೇನು ಬೇಕು, ಹೇಳಿ?

ಗುಂಡಿನ ವಿಷಯಕ್ಕೆ ಬರೋಣ. ಸಾಮಾನ್ಯ ಮನುಷ್ಯನ ದೇಹಬಲ, ಚುರುಕು, ತಾಳಿಕೆ ಮೂರೂ ಸರಾಸರಿ 7. ಪಿಸ್ತೂಲಿನ ಒಂದು ಏಟು ಸರಾಸರಿ ಏಳೆಂಟು ಕಳೆಯುತ್ತದೆ, ಮೊದಲು ತಾಳಿಕೆಯಿಂದ. ರಕ್ಷಾಕವಚ ಇಲ್ಲದಿದ್ದರೆ ಎರಡನೇ ಏಟಿಗೆ ಬೀಳುತ್ತೀರಿ, ಮೂರನೆಯದಕ್ಕೆ ಸಾಯುತ್ತೀರಿ. ಹಾಗಾಗಿ ಜನ ಮಾತಾಡಿ ಬಗೆಹರಿಸಲು ನೋಡುತ್ತಾರೆ. ವೆಸ್ಟರ್ನ್‌ನ ರುಚಿ ಇರುವುದೇ ಗುಂಡು ಹಾರುವ ಮುಂಚಿನ ಮಾತುಗಳಲ್ಲಿ.

ಕ್ಯಾರೆಕ್ಟರ್ ಮಾಡುವ ವಿಧಾನವೂ ಹೊಂದುತ್ತದೆ. ನಾಲ್ಕು ನಾಲ್ಕು ವರ್ಷದ ಕಂತಿನಲ್ಲಿ ಸೈನ್ಯ, ವ್ಯಾಪಾರ, ಕಳ್ಳದಂಧೆ ಅಂತ ಬದುಕು ಸವೆಸಿ, ನಲವತ್ತರ ಆಸುಪಾಸಿನಲ್ಲಿ ಆಟಕ್ಕೆ ಇಳಿಯುತ್ತೀರಿ. ಹಿಂದೆ ಬಿಟ್ಟುಬಂದ ಕಥೆ ಆಗಲೇ ಇರುತ್ತದೆ. ಹಳೇ ರೂಲ್ಸಿನಲ್ಲಿ ಆಟ ಶುರುವಾಗುವ ಮೊದಲೇ ಕ್ಯಾರೆಕ್ಟರ್ ಸಾಯಬಹುದಿತ್ತು. ಜನ ಅದನ್ನು ಈಗಲೂ ತಮಾಷೆ ಮಾಡುತ್ತಾರೆ. ನನಗೇನೋ ಅದು ಇಷ್ಟ.

ತೊಂದರೆ ಇಲ್ಲ ಅಂತಲ್ಲ. ಸರಕಿನ ಬೆಲೆಯ ಕೋಷ್ಟಕಗಳನ್ನು ಹಿಡಿದು ಕೂತರೆ ಸಂಜೆಯೆಲ್ಲಾ ಲೆಕ್ಕಪತ್ರವೇ ಆಗುತ್ತದೆ. ಒಬ್ಬರಿಗೆ ಅದು ಖುಷಿ, ಮಿಕ್ಕವರು ಫೋನ್ ನೋಡುತ್ತಿರುತ್ತಾರೆ. ನನ್ನ ಸಲಹೆ: ಕೋಷ್ಟಕ ಬಿಡಿ, ಕಂತು ಇಟ್ಟುಕೊಳ್ಳಿ. ಪ್ರತಿ ಕೆಲಸಕ್ಕೆ ಒಂದು ಮೊತ್ತ ಹೇಳಿ ಸಾಕು. ಇನ್ನೊಂದು ವಿಷಯ, ಇಲ್ಲಿ ಸೋಲು ಜಾಸ್ತಿ. ಎರಡು ದಾಳ ಹಾಕಿ 8 ಅಥವಾ ಹೆಚ್ಚು ಬರಬೇಕು. ಏನೂ ಕೂಡಿಸದಿದ್ದರೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 42. ಕೌಶಲ್ಯದಿಂದ 2 ಸೇರಿದರೆ ಶೇ. 72.

ಈ ಸೋಲು ನಿಮ್ಮ ಗುಂಪಿಗೆ ಹಿಡಿಸದಿದ್ದರೆ ಸ್ಯಾವೇಜ್ ವರ್ಲ್ಡ್ಸ್ ನೋಡಿ. ಇದರ ಬೇರು 1996ರ ಡೆಡ್‌ಲ್ಯಾಂಡ್ಸ್ ಎಂಬ ವೆಸ್ಟರ್ನ್ ಆಟದಲ್ಲೇ ಇದೆ. ಯಾರ ಸರದಿ ಮೊದಲು ಅನ್ನುವುದನ್ನು ಇಸ್ಪೀಟ್ ಎಲೆ ಹಂಚಿ ತೀರ್ಮಾನ ಮಾಡುತ್ತಾರೆ. ಜೋಕರ್ ಬಿದ್ದವರ ಮುಖ ನೋಡಬೇಕು! ನಾಯಕರಾದವರಿಗೆ ತಮ್ಮ ದಾಳದ ಜೊತೆ ಇನ್ನೊಂದು ಆರು ಮುಖದ ದಾಳವೂ ಸಿಗುತ್ತದೆ. ಎರಡರಲ್ಲಿ ಯಾವುದಾದರೂ ಒಂದರಲ್ಲಿ 4 ಅಥವಾ ಹೆಚ್ಚು ಬಂದರೆ ಸಾಕು. ಎಂಟು ಮುಖದ ದಾಳ ಇದ್ದವರು ಶೇ. 81ರಷ್ಟು ಸಲ ಗೆಲ್ಲುತ್ತಾರೆ. ಕುದುರೆ ಬದಲು ಹೋವರ್‌ಬೈಕ್, ಹಿಂದೆ ಅಟ್ಟಿಸಿಕೊಂಡು ಬರುವ ಹನ್ನೆರಡು ಜನ, ಇಂಥದ್ದಕ್ಕೆ ಹೇಳಿಮಾಡಿಸಿದ್ದು. ಆದರೆ ಮೂಲ ಪುಸ್ತಕದಲ್ಲಿ ಸಾಲದ ಕಾಟ ಇಲ್ಲ. ಅದನ್ನು ನೀವೇ ತುಂಬಬೇಕು.

ಸ್ಕಮ್ ಅಂಡ್ ವಿಲನಿ 2018ರದ್ದು. ಚಿಕ್ಕ ಕ್ಯಾಂಪೇನ್‌ಗೆ, ಅದರಲ್ಲೂ ತಯಾರಿಗೆ ಸಮಯ ಸಿಗದ ಜಿಎಂಗೆ ನಾನು ಹೇಳುವುದು ಇದನ್ನೇ. ಶುರುವಿನಲ್ಲೇ ಮೂರು ಹಡಗಿನಲ್ಲಿ ಒಂದನ್ನು ಆರಿಸಬೇಕು: ಕಳ್ಳಸಾಗಣೆ, ತಲೆಬೆಲೆ ಬೇಟೆ, ಬಂಡಾಯ. ಅಲ್ಲಿಗೆ ಕ್ಯಾಂಪೇನಿನ ದಾರಿ ತೀರ್ಮಾನ ಆಯಿತು. ಯೋಜನೆ ಹಾಕುತ್ತಾ ಎರಡು ಗಂಟೆ ಕಳೆಯುವಂತಿಲ್ಲ, ನೇರ ಕೆಲಸದ ನಡುವಿಗೇ ಹೋಗಿ ಬೀಳುತ್ತೀರಿ. "ನಿನ್ನೆಯೇ ಕಾವಲುಗಾರನಿಗೆ ಲಂಚ ಕೊಟ್ಟಿದ್ದೆ" ಅಂತ ಆಮೇಲೆ ಫ್ಲ್ಯಾಶ್‌ಬ್ಯಾಕ್ ಹಾಕಬಹುದು. ಎರಡು ದಾಳ ಹಾಕಿದರೆ ಶೇ. 44ರಷ್ಟು ಸಲ ಬರುವುದು "ಆಯಿತು, ಆದರೆ..." ಎನ್ನುವ ಫಲಿತಾಂಶ. ಕಥೆ ಮುಂದೆ ಹೋಗುವುದೇ ಆ "ಆದರೆ"ಯಿಂದ. ಪ್ರತಿ ಸಲ ಹೊಸ ತೊಡಕು ಹುಟ್ಟಿಸಬೇಕಾದ್ದರಿಂದ ಕೆಲವು ಜಿಎಂಗಳಿಗೆ ಸುಸ್ತಾಗುತ್ತದೆ, ಅದು ನಿಜ.

"ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ ಎಲ್ಲರಿಗೂ ಗೊತ್ತಲ್ವಾ, ಅದನ್ನೇ ಬದಲಾಯಿಸಿಕೊಳ್ಳಬಾರದಾ?" ಬೇಡ. ಐದನೇ ಲೆವೆಲ್‌ನ ಫೈಟರ್‌ಗೆ 44ರ ಹತ್ತಿರ ಹಿಟ್ ಪಾಯಿಂಟ್ (ಏಟು ತಾಳುವ ಅಂಕ) ಇರುತ್ತದೆ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿರುವ ಸಾದಾ ಪಿಸ್ತೂಲಿನ ಏಟು ಎಷ್ಟು ಕಳೆಯುತ್ತದೆ ಅನ್ನುವುದಕ್ಕೆ ಹತ್ತು ಮುಖದ ಒಂದು ದಾಳ. ಹಣೆಗೆ ಪಿಸ್ತೂಲು ಹಿಡಿದರೆ ಆಟಗಾರ ನಗುತ್ತಾನೆ, ಐದಾರು ಗುಂಡು ತಿಂದರೂ ನಿಂತಿರುತ್ತೇನೆ ಅಂತ ಅವನಿಗೆ ಗೊತ್ತು. ಲೇಸರ್ ಸೇರಿಸಿದರೂ ಲೆವೆಲ್ ಏರುತ್ತಾ ಹೋದಂತೆ ಅದೇ ಕಥೆ.

ಫೈರ್‌ಫ್ಲೈ ಎಂಬ ಸ್ಪೇಸ್ ವೆಸ್ಟರ್ನ್ ಟಿವಿ ಸರಣಿಯ ಮೇಲೇ ಆಟ ಇದೆಯಲ್ಲ ಅನ್ನುವವರೂ ಇದ್ದಾರೆ. ಇದೆ, 2014ರದ್ದು, ಕಾರ್ಟೆಕ್ಸ್ ಪ್ಲಸ್ ರೂಲ್ಸಿನ ಮೇಲೆ. ತನ್ನ ಕ್ಯಾರೆಕ್ಟರ್‌ನ ಕೆಟ್ಟ ಗುಣದಿಂದ ತಾನೇ ತೊಂದರೆಗೆ ಸಿಕ್ಕಿಕೊಂಡರೆ ಆಟಗಾರನಿಗೆ ಪ್ಲಾಟ್ ಪಾಯಿಂಟ್, ಅಂದರೆ ಆಮೇಲೆ ತನ್ನ ಅನುಕೂಲಕ್ಕೆ ಬಳಸುವ ಅಂಕ ಸಿಗುತ್ತದೆ. ಹಡಗಿನೊಳಗಿನ ಜಗಳಗಳೇ ನಿಮಗೆ ಮುಖ್ಯವಾದರೆ ತಗೊಳ್ಳಿ. ದಾಳಗಳ ರಾಶಿ ಮಾಡುವುದು ಮಾತ್ರ ಹೊಸಬರಿಗೆ ನಿಧಾನ.

ಹಾಗಾದರೆ ಒಂದೇ ಹೆಸರು ಹೇಳಿ ಅಂದರೆ? ತಿಂಗಳುಗಟ್ಟಲೆ ಆಡುವ ಗುಂಪಾದರೆ ಟ್ರಾವೆಲರ್. ಹತ್ತು ಸೆಷನ್‌ಗೆ ಮುಗಿಸುವುದಾದರೆ ಸ್ಕಮ್ ಅಂಡ್ ವಿಲನಿ. ನಡುವೆ ರೂಲ್ಸ್ ಬದಲಾಯಿಸಬೇಕು ಅನ್ನಿಸಿದರೂ ಚಿಂತೆಯಿಲ್ಲ. ಹಳೆಯ ಅಂಕಿಗಳನ್ನು ಹೊಸದಕ್ಕೆ ಹೊಂದಿಸಲು ಹೋಗಬೇಡಿ. ಕ್ಯಾರೆಕ್ಟರ್‌ಗಳನ್ನು ಹೊಸದಾಗಿ ಬರೆಯಿರಿ. ಹಡಗಿನ ಹೆಸರು, ಯಾರಿಗೆ ಎಷ್ಟು ಸಾಲ, ಯಾರ ಮೇಲೆ ವಾರಂಟು, ಇಷ್ಟನ್ನು ದಾಟಿಸಿದರೆ ಮುಂದಿನ ಸೆಷನ್ ಆಡಬಹುದು.