ಮೊಟ್ಟೆಸಿಪ್ಪೆಯ ಪುಡಿಯಿಂದ ಕಲ್ಲಿದ್ದಲ ಪುಡಿಯವರೆಗೆ

ಮೇಲ್ಮೈ ಜಾಸ್ತಿಯಾದಷ್ಟೂ ರಾಸಾಯನಿಕ ಕ್ರಿಯೆ ಬೇಗ ನಡೆಯುತ್ತದೆ ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್ಸ್ ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ತಪ್ಪದೆ ಬರೆಯುತ್ತಾರೆ. ಆದರೆ "ಹಾಗಾದ್ರೆ ಪುಡಿ ಮಾಡಿದರೆ ಅನಿಲವೂ ಜಾಸ್ತಿ ಬರುತ್ತದಾ?" ಅಂತ ಕೇಳಿ ನೋಡಿ. ಅರ್ಧ ತರಗತಿ ಹೌದು ಅನ್ನುತ್ತದೆ. ಬೇಗ ಅನ್ನುವುದೂ ಜಾಸ್ತಿ ಅನ್ನುವುದೂ ಅವರಿಗೆ ಒಂದೇ ಆಗಿಬಿಟ್ಟಿರುತ್ತದೆ. ಈ ಗೊಂದಲ ಬಾಯಿಮಾತಿನಿಂದ ಹೋಗುವಂಥದ್ದಲ್ಲ, ಕಣ್ಣಾರೆ ನೋಡಬೇಕು ಅಂತ ನನಗೆ ಬಹಳ ದಿನದಿಂದ ಅನಿಸುತ್ತಿತ್ತು.

ನಾನು ವಿಜ್ಞಾನ ಕಲಿಸುವ ಶಾಲೆ ಇರುವುದು ರಾಯಚೂರು ಜಿಲ್ಲೆಯಲ್ಲಿ, ಶಕ್ತಿನಗರದ ಹತ್ತಿರ. ಬಿಸಿಯೂಟಕ್ಕೆ ಮೊಟ್ಟೆ ಕೊಡುವ ದಿನ ಇಲ್ಲಿ ಸಿಪ್ಪೆಗೇನೂ ಬರವಿಲ್ಲ. ಸಿಪ್ಪೆಯಲ್ಲಿ ಶೇ 95ರ ಆಸುಪಾಸು ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿ ಇರುವುದೇ. ಆಮ್ಲ ತಾಗಿದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಅನಿಲ ಬರುತ್ತದೆ. ಅವತ್ತು ಊಟ ಆದಮೇಲೆ ಸಿಪ್ಪೆ ಎಸೆಯಬೇಡಿ ಅಂದೆ. ಒಳಗಿನ ತೆಳು ಪೊರೆ ಬಿಡಿಸುವುದೇ ಕಷ್ಟದ ಕೆಲಸ. ಉಗುರಿನಿಂದ ಅಂಚು ಎಬ್ಬಿಸಿ ಮೆಲ್ಲಗೆ ಎಳೆಯಬೇಕು, ಇಲ್ಲದಿದ್ದರೆ ಅರ್ಧಕ್ಕೇ ಹರಿದುಹೋಗುತ್ತದೆ. ಪೊರೆ ಉಳಿದರೆ ಆ ಬದಿಯಿಂದ ಆಮ್ಲ ಸಿಪ್ಪೆಗೆ ಸರಿಯಾಗಿ ತಾಗುವುದಿಲ್ಲ. ತೊಳೆದು ಹರಡಿದ್ದಷ್ಟೇ, ನಮ್ಮ ಬಿಸಿಲಿಗೆ ಕೊನೆಯ ಪೀರಿಯಡ್ ಹೊತ್ತಿಗೆ ಗರಿಗರಿ ಒಣಗಿತ್ತು.

ಪ್ರತಿ ಗುಂಪಿಗೂ ಎರಡು ಬಾಟಲಿ, ಎರಡು ಬಲೂನು. ಒಂದು ಬಲೂನಿಗೆ 2 ಗ್ರಾಂ ಸಿಪ್ಪೆ, ಕಿರುಬೆರಳ ಉಗುರಿನಷ್ಟು ಚೂರುಗಳು. ಇನ್ನೊಂದಕ್ಕೆ ಅದೇ 2 ಗ್ರಾಂ, ಆದರೆ ಕುಟ್ಟಿ ಜರಡಿ ಹಿಡಿದ ಪುಡಿ. ಎರಡೂ ಬಾಟಲಿಗೆ ಒಂದೇ ಅಳತೆಯ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ನಾನೇ ಹಾಕಿದೆ. ಸಿಪ್ಪೆ ಪೂರ್ತಿ ಕರಗಿದರೂ ಆಮ್ಲ ಉಳಿಯುವಷ್ಟಿತ್ತು. ಬಾಯಿಗೆ ಬಲೂನು ಸಿಕ್ಕಿಸಿ ಒಟ್ಟಿಗೆ ಎತ್ತಿದರು.

ಪುಡಿ ಬಿದ್ದ ಬಾಟಲಿಯಲ್ಲಿ ಬಿಳಿ ನೊರೆ ಬುಸ್ಸನೆ ಕುತ್ತಿಗೆಯವರೆಗೆ ಬಂತು. "ಉಕ್ಕಾಕತ್ತದ ನೋಡ್ರಿ ಸರ್!" ಅಂತ ಕೂಗು. ಜೋತುಬಿದ್ದಿದ್ದ ಬಲೂನು ಎದ್ದು ನಿಂತಿತು. ಪಕ್ಕದ ಬಾಟಲಿಯಲ್ಲಿ ಚೂರುಗಳ ಮೈತುಂಬ ಸಣ್ಣ ಗುಳ್ಳೆ ಕೂತು, ಒಂದೊಂದಾಗಿ ಮೇಲೇಳುತ್ತಿದ್ದವು. ಕೆಲವು ಚೂರುಗಳನ್ನೂ ಗುಳ್ಳೆಗಳು ಹೊತ್ತುಕೊಂಡು ಮೇಲೆ ಬಂದು, ಒಡೆದ ತಕ್ಷಣ ಮತ್ತೆ ಕೆಳಗೆ ಬಿಡುತ್ತಿದ್ದವು. ಹುಡುಗರೆಲ್ಲ ಪುಡಿಯ ಕಡೆ ಮುಗಿಬಿದ್ದಿದ್ದರು. ನನಗೆ ಮಾತ್ರ ಈ ನಿಧಾನದ ಬಾಟಲಿಯೇ ಜಾಸ್ತಿ ಇಷ್ಟವಾಯಿತು. ಕ್ರಿಯೆ ನಡೆಯುವುದು ಮೇಲ್ಮೈಯಲ್ಲೇ ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಒಬ್ಬ ಹುಡುಗಿ ಪುಡಿಯ ಬಾಟಲಿಯಲ್ಲಿ ಇನ್ನೊಂದು ಕಂಡಳು. ನೊರೆ ಇಳಿದಿತ್ತು, ಆದರೆ ಆಮ್ಲದ ಮಟ್ಟಕ್ಕಿಂತ ಮೇಲೆ ಗಾಜಿಗೆ ಬಿಳಿ ಬಳೆಯೊಂದು ಅಂಟಿತ್ತು. ನೊರೆಯ ಜೊತೆ ಮೇಲೆ ಹೋಗಿ ಅಲ್ಲೇ ಉಳಿದ ಪುಡಿ ಅದು. ಬಾಟಲಿಯನ್ನು ಮೆಲ್ಲಗೆ ಕುಲುಕಿದಳು. ಮತ್ತೆ ಬುಸ್ಸೆಂದಿತು. ಎಷ್ಟೇ ನುಣ್ಣಗಿದ್ದರೂ ಆಮ್ಲ ತಾಗದ ಪುಡಿಯಿಂದ ಏನೂ ಆಗುವುದಿಲ್ಲ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಚೂರುಗಳು ಕರಗುವ ತನಕ ಬೋರ್ಡಿನ ಮೇಲೆ ಲೆಕ್ಕ ಮಾಡಿದೆವು. 1 ಸೆಂಟಿಮೀಟರ್ ಘನಕ್ಕೆ ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್. ಅದನ್ನೇ 1 ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ 60. ತೂಕ ಅಷ್ಟೇ ಇದೆ, ಒಳಗೆ ಅಡಗಿದ್ದದ್ದು ಹೊರಗೆ ಬಂತು. ಆಮೇಲೆ ಎರಡೂ ಬಲೂನಿಗೆ ದಾರ ಸುತ್ತಿ ಅಳೆದರು. ಹೆಚ್ಚುಕಡಿಮೆ ಒಂದೇ. "ಅಂದ್ರ ಪುಡಿ ಮಾಡಿದ್ರ ಜಾಸ್ತಿ ಬರಂಗಿಲ್ಲ, ಲಗೂನ ಬರ್ತದ" ಅಂದ ಹಿಂದಿನ ಬೆಂಚಿನವನು. ನನಗೆ ಬೇಕಿದ್ದದ್ದು ಇದೇ ಮಾತು.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಂದೆ ಕೆಲಸ ಮಾಡುವ ಹುಡುಗನೊಬ್ಬ ಎದ್ದು ನಿಂತ. "ಅಲ್ಲಿ ಕಲ್ಲಿದ್ಲು ಮುಖಕ್ಕ ಹಚ್ಚೋ ಪೌಡರಿನಂಗ ಬೀಸ್ತಾರಂತ್ರಿ ಸರ್." ನಿಜ. ಇಲ್ಲಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ಮಿಲ್ಲಿನಲ್ಲಿ ಅರೆದು, ಬಿಸಿಗಾಳಿಯ ಜೊತೆ ಕುಲುಮೆಗೆ ಊದುತ್ತಾರೆ. ಸಾಮಾನ್ಯವಾಗಿ ಆ ಪುಡಿಯ ಶೇ 70ರಷ್ಟು ಭಾಗ 75 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಜರಡಿಯಲ್ಲಿ ಇಳಿಯುವಷ್ಟು ಸಣ್ಣಗಿರುತ್ತದೆ. ಗಾಳಿಯಲ್ಲಿ ತೇಲುತ್ತಲೇ ಒಂದೆರಡು ಸೆಕೆಂಡಿನಲ್ಲಿ ಉರಿದುಹೋಗುತ್ತದೆ. ಒಂದು ಕೆಜಿ ಕಲ್ಲಿದ್ದಲಲ್ಲಿರುವ ಶಾಖ ಗಟ್ಟಿಯಾದರೂ ಅಷ್ಟೇ, ಪುಡಿಯಾದರೂ ಅಷ್ಟೇ. ಟರ್ಬೈನ್ ತಿರುಗುವುದಕ್ಕೆ ಅದು ಬೇಗ ಬೇಕು. ನಮ್ಮ ಕಡೆ ಹತ್ತಿಯೂ ಹಾಗೇ ಅಲ್ವಾ? ಬಿಡಿ ಹತ್ತಿ ಭಗ್ಗನೆ ಹತ್ತಿಕೊಳ್ಳುತ್ತದೆ, ಒತ್ತಿ ಕಟ್ಟಿದ ಬೇಲ್ ಒಳಗೊಳಗೇ ಹೊಗೆಯಾಡುತ್ತದೆ.

"ಹಂಗಾದ್ರ ಇನ್ನಾ ಸಣ್ಣಗ ಯಾಕ ಬೀಸಂಗಿಲ್ರಿ?" ಅಂತ ಬಳೆ ಕಂಡ ಹುಡುಗಿಯೇ ಕೇಳಿದಳು. ಬಹಳ ಒಳ್ಳೆ ಪ್ರಶ್ನೆ. ಮಿಲ್ ತಿರುಗಿಸುವುದಕ್ಕೂ ಕರೆಂಟ್ ಬೇಕು, ಅದು ಅಲ್ಲೇ ತಯಾರಾದದ್ದರಲ್ಲೇ ಹೋಗುತ್ತದೆ. ಅರೆಯುವ ಭಾಗಗಳೂ ಸವೆಯುತ್ತವೆ. ಕುಲುಮೆಯಲ್ಲಿ ಇರುವಷ್ಟು ಹೊತ್ತಿನಲ್ಲಿ ಕಣ ಉರಿದು ಮುಗಿದರೆ ಸಾಕು. ತೀರಾ ದಪ್ಪ ಉಳಿದರೆ ಒಳಗಿನ ಇಂಗಾಲ ಉರಿಯದೆ ಬೂದಿಯ ಜೊತೆ ಹೋಗುತ್ತದೆ. ಅದಕ್ಕೇ ಬೂದಿಯಲ್ಲಿ ಇಂಗಾಲ ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡುತ್ತಾರೆ ಅಂದೆ. ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ಅಪ್ಪನನ್ನು ಕೇಳಿಕೊಂಡು ಬರುವುದಾಗಿ ಆ ಹುಡುಗ ಒಪ್ಪಿಕೊಂಡ.