ಮೆಣಸಿನಕಾಯಿ ಪೇಟೆಯಲ್ಲಿ ಮಾತು ಕಡಿಮೆಯವನು

ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರ್. ಸುಗ್ಗಿಯ ಕಾಲದಲ್ಲಿ ಆ ಎರಡು ದಿನ ಬೆಳಕು ಹರಿಯುವ ಮೊದಲೇ ದಲಾಲಿ ಅಂಗಡಿಗಳ ಮುಂದೆ ಚೀಲಗಳು ಸಾಲುಗಟ್ಟಿರುತ್ತವೆ. ಕುಂದಗೋಳ, ರೋಣ, ಕೊಪ್ಪಳ, ಬಳ್ಳಾರಿ, ರಾಯಚೂರು, ಗಡಿಯಾಚೆಯ ಕರ್ನೂಲು, ಎಲ್ಲ ಕಡೆಯಿಂದಲೂ ರಾತ್ರಿಯಿಡೀ ಲಾರಿಗಳು ಬಂದು ಇಳಿಸಿರುತ್ತವೆ. ಬಾಯಿ ಬಿಚ್ಚಿದ ಚೀಲಗಳ ನಡುವೆ ಮೂಗಿಗೆ ಟವೆಲ್ ಕಟ್ಟಿಕೊಂಡು ನಾವು ಖರೀದಿದಾರರು ಓಡಾಡುತ್ತೇವೆ. ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜ ಗಲಗಲ ಎನ್ನುತ್ತದೆ. ಹಿಸುಕಿದರೆ ಅಂಗೈಗೆ ಅಂಟಬಾರದು, ಪುಡಿಯಾಗಿ ಉದುರಲೂ ಬಾರದು. ಒಂದನ್ನು ಸೀಳಿ ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ, ಸಿಪ್ಪೆಯನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಬಣ್ಣ ಎಷ್ಟಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಲಾಟಿನ, ಅಂದರೆ ಒಬ್ಬ ರೈತನ ಒಂದು ರಾಶಿಯ, ನಂಬರು ಬರೆದುಕೊಂಡು ಮುಂದಿನ ಚೀಲಕ್ಕೆ ಹೋಗುವುದು. ಮಧ್ಯಾಹ್ನದೊಳಗೆ ಪ್ರತಿ ಲಾಟಿಗೂ ನಮ್ಮ ನಮ್ಮ ದರವನ್ನು ಗುಟ್ಟಾಗಿ ನಮೂದಿಸುತ್ತೇವೆ. ಈಗ ಅದು ಇ-ಟೆಂಡರ್. ನಾನು ಪೇಟೆಗೆ ಬಂದ ಕಾಲದಲ್ಲಿ ಚೀಟಿ.

ನನ್ನ ಜೀವನದ ಅತಿ ನೆಮ್ಮದಿಯ ಹೊತ್ತು ಈ ಮೂರು ನಾಲ್ಕು ತಾಸು. ಯಾರ ಜೊತೆಗೂ ಮಾತನಾಡಬೇಕಾಗಿಲ್ಲ. ಕೂಗಿ ಹರಾಜು ಹಿಡಿಯಬೇಕಾಗಿಲ್ಲ. ನೋಡಿದ್ದನ್ನು ತೂಗಿ ಒಂದು ಅಂಕಿ ಬರೆದರೆ ಆಯಿತು.

ಕಳೆದ ತಿಂಗಳು ತಂಗಿಯ ಮಗಳು ಹುಬ್ಬಳ್ಳಿಯಿಂದ ಫೋನು ಮಾಡಿದ್ದಳು. ಬಿ.ಕಾಂ. ಮುಗಿಸಿದ್ದಾಳೆ. ತೊಟ್ಟು ಬಿಡಿಸಿದ ಕಾಯಿ ಕೊಂಡು, ಪುಡಿ ಮಾಡಿಸಿ, ಹೋಟೆಲುಗಳಿಗೆ ಕೊಡುವ ಸಣ್ಣ ಉದ್ಯೋಗ ಮಾಡಬೇಕೆಂದು ಅವಳ ಆಸೆ. ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. "ಮಾಮಾ, ನನಗೆ ಮಾತು ಬರುವುದಿಲ್ಲ, ಬ್ಯಾಂಕ್ ಪರೀಕ್ಷೆ ಬರೆ ಎನ್ನುತ್ತಿದ್ದಾರೆ. ನೀವು ಹೇಗೆ ಮಾಡಿದಿರಿ?" ಎಂದು ಕೇಳಿದಳು. ಫೋನಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಬರೆದು ಹೇಳುತ್ತೇನೆ ಎಂದೆ. ಅದಕ್ಕಾಗಿ ಇದು.

ನಮ್ಮ ಮನೆಯಲ್ಲೇ ಮಾತು ಕಡಿಮೆ. ಅಪ್ಪ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ನಲವತ್ತು ವರ್ಷ ಕೀರ್ದಿ, ಖಾತೆ ಬರೆದರು. ಅವ್ವ ಅದೇ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸುಗ್ಗಿಯಲ್ಲಿ ಗೋದಾಮುಗಳ ನೆಲದ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಾಯಿಯ ತೊಟ್ಟು ಮುರಿಯುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ. ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೂ ಬೆರಳಿನ ಉರಿ ಇಳಿಯುತ್ತಿರಲಿಲ್ಲ. ಆದರೆ ಆ ಬೆರಳುಗಳಿಗೆ ತಿಳಿದದ್ದು ದೊಡ್ಡ ದೊಡ್ಡ ವ್ಯಾಪಾರಸ್ಥರಿಗೆ ತಿಳಿದಿರಲಿಲ್ಲ. ಕಣ್ಣು ಮುಚ್ಚಿ ಡಬ್ಬಿ ಯಾವುದು, ಕಡ್ಡಿ ಯಾವುದು, ಇದು ಗಿಡದಿಂದ ಕಿತ್ತ ಮೊದಲ ಬಿಡಿಸೋ ಎರಡನೆಯದೋ ಎಂದು ಹೇಳುತ್ತಿದ್ದಳು. ಡಬ್ಬಿ ಕಾಯಿ ಗಿಡ್ಡ, ಉಬ್ಬು, ಮೈಯೆಲ್ಲ ಸುಕ್ಕು, ಬಣ್ಣ ಜಾಸ್ತಿ, ಖಾರ ಕಡಿಮೆ. ಕಡ್ಡಿ ಉದ್ದ, ತೆಳುವು. ಓದುವುದಕ್ಕೆ ಮೊದಲೇ ನಾನು ಇದನ್ನು ಕಲಿತೆ.

ಆದರೂ ಅಪ್ಪ ನನ್ನನ್ನು ನೋಡಿದಾಗಲೆಲ್ಲ ಒಂದೇ ಮಾತು: "ಬಾಯಿದ್ದವನು ಬರಗಾಲದಲ್ಲೂ ಬದುಕಿದ, ತಮ್ಮಾ. ನಿನಗೆ ಬಾಯೇ ಇಲ್ಲ." ತಾವು ಗುಮಾಸ್ತರಾಗಿಯೇ ಉಳಿದದ್ದು ಮಾತಿಲ್ಲದ್ದರಿಂದ ಎಂದು ಅವರು ನಂಬಿದ್ದರು.

1998ರಲ್ಲಿ ಪದವಿ ಮುಗಿಸಿ, ಅಪ್ಪನ ಮಾತನ್ನು ಸುಳ್ಳು ಮಾಡಬೇಕೆಂದೇ ಹುಬ್ಬಳ್ಳಿಯ ಒಂದು ಮಸಾಲೆ ಪುಡಿ ಕಂಪನಿಯಲ್ಲಿ ಮಾರಾಟ ಪ್ರತಿನಿಧಿಯಾಗಿ ಸೇರಿದೆ. ದಿನಕ್ಕೆ 30 ಕಿರಾಣಿ ಅಂಗಡಿ. ದುರ್ಗದ ಬೈಲಿನ ಒಂದು ಅಂಗಡಿಯ ಮುಂದೆ ಮೂರು ಸಲ ಹಾದುಹೋಗಿ, ಗಿರಾಕಿಗಳು ಕಡಿಮೆಯಾಗಲಿ ಎಂದು ಎದುರಿನ ಹೂವಿನವರ ಪಕ್ಕ ನಿಂತು ಕಾದದ್ದು ಇನ್ನೂ ನೆನಪಿದೆ. ಕೊನೆಗೆ ಒಳಗೆ ಹೋದಾಗ ಅಂಗಡಿಯವರು ನನ್ನ ಕಡೆ ನೋಡಲೂ ಇಲ್ಲ. ಹತ್ತನೆಯ ಅಂಗಡಿಗೆ ಬರುವಷ್ಟರಲ್ಲಿ ನಾಲಿಗೆ ಒಣಗಿ, ತಲೆಯೊಳಗೆ ಜೇನುಹುಳು ಗುಂಯ್‌ಗುಟ್ಟಿದಂತೆ ಆಗುತ್ತಿತ್ತು. ಹನ್ನೊಂದನೆಯ ತಿಂಗಳಲ್ಲಿ ಕೆಲಸ ಬಿಡಿಸಿದರು. ಎಲ್ಲರ ಎದುರಿಗೆ, ನನ್ನ ತಿಂಗಳ ಲೆಕ್ಕವನ್ನು ಗಟ್ಟಿಯಾಗಿ ಓದಿ.

ಆಮೇಲೆ ಬಹಳ ದಿನ ಯೋಚಿಸಿದೆ. ನನಗೆ ಜನರೆಂದರೆ ಭಯವೇ? ಅಲ್ಲ. ಒಬ್ಬ ರೈತನ ಪಕ್ಕ ಕುಳಿತು ಅವನ ಹೊಲ, ಬಾವಿ, ಮಗಳ ಮದುವೆ ಎಲ್ಲ ಕೇಳುತ್ತ ಎರಡು ತಾಸು ಕಳೆಯಬಲ್ಲೆ. ಮೂವತ್ತು ಮಂದಿಗೆ ಮೂವತ್ತು ಸಲ ಒಂದೇ ನಗು ನಕ್ಕು ಒಂದೇ ಮಾತು ಹೇಳುವುದು ನನ್ನಿಂದ ಆಗುವುದಿಲ್ಲ. ಇವೆರಡೂ ಬೇರೆ ಬೇರೆ ಎಂದು ತಿಳಿದ ದಿನ ಎದೆಯ ಮೇಲಿನ ಕಲ್ಲು ಇಳಿಯಿತು. ತಂಗಿಯ ಮಗಳಿಗೆ ಮೊದಲು ಹೇಳಬೇಕಾದದ್ದು ಇದನ್ನೇ. ಅವಳಿಗೆ ಯಾವುದು ಆಗುವುದಿಲ್ಲ ಎಂಬುದನ್ನು ಅವಳು ಇಷ್ಟು ಸ್ಪಷ್ಟವಾಗಿ ಕಂಡುಕೊಳ್ಳಬೇಕು. "ಮಾತು ಬರುವುದಿಲ್ಲ" ಎಂಬುದು ಬೇರೆಯವರು ಅಂಟಿಸಿದ ಚೀಟಿ.

ಬ್ಯಾಡಗಿಗೆ ಮರಳಿ ಒಬ್ಬ ಖರೀದಿದಾರರ ಹತ್ತಿರ ಮಾದರಿ ತೆಗೆಯುವ ಕೆಲಸ ಹಿಡಿದೆ. ಪ್ರತಿ ಲಾಟಿನಿಂದ ಅರ್ಧ ಕಿಲೋ ಕಾಯಿ ತೆಗೆದು, ಪೊಟ್ಟಣ ಕಟ್ಟಿ, ಪ್ರಯೋಗಾಲಯಕ್ಕೆ ಕಳುಹಿಸುವುದು. ಮೆಣಸಿನಕಾಯಿಯ ಬಣ್ಣವನ್ನು 'ಆಸ್ತಾ' ಎಂಬ ಮಾನದಲ್ಲಿ ಅಳೆಯುತ್ತಾರೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದಿಂದ ಬಂದ ಹೆಸರು ಅದು. ಒಳ್ಳೆಯ ಡಬ್ಬಿ ಕಾಯಿ 150 ದಾಟುತ್ತದೆ. ನಾನು 200 ಪುಟದ ಒಂದು ನೋಟ್‌ಬುಕ್ ಇಟ್ಟೆ. ಲಾಟು, ಊರು, ನೆಲ ಕಪ್ಪು ಎರೆಯೋ ಕೆಂಪು ಮಸಾರಿಯೋ, ಮಳೆ ಯಾವಾಗ ಬಿತ್ತು, ಕೈಗೆ ಹೇಗೆ ಹತ್ತಿತು, ನನ್ನ ಅಂದಾಜು ಎಷ್ಟು. ಫಲಿತಾಂಶ ಬಂದ ಮೇಲೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಿಜವಾದ ಅಂಕಿ. ಮೊದಲ ವರ್ಷ ನನ್ನ ಅಂದಾಜು 40ರಷ್ಟು ತಪ್ಪುತ್ತಿತ್ತು. ನಾಲ್ಕನೆಯ ವರ್ಷಕ್ಕೆ 10ರೊಳಗೆ ಬಂತು. ಯಾರೂ ಇದನ್ನು ಮಾಡು ಎಂದಿರಲಿಲ್ಲ. ಸಂಜೆ ಉಳಿದವರು ಚಹಾದಂಗಡಿಯಲ್ಲಿ ಸೇರುತ್ತಿದ್ದಾಗ ನಾನು ಗೋದಾಮಿನ ಮೆಟ್ಟಿಲ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೆ, ಅಷ್ಟೆ.

2003ರಲ್ಲಿ ಯುರೋಪಿಗೆ ಹೋದ ಭಾರತದ ಮೆಣಸಿನ ಪುಡಿಯಲ್ಲಿ ಸುಡಾನ್ ಎಂಬ ಬಣ್ಣ ಸಿಕ್ಕಿತು. ಮೇಣಕ್ಕೆ, ಬೂಟ್ ಪಾಲಿಶಿಗೆ ಹಾಕುವ ಕೆಂಪು ಬಣ್ಣ ಅದು, ಆಹಾರದಲ್ಲಿ ನಿಷಿದ್ಧ. ಅಲ್ಲಿಂದ ಮುಂದೆ ರಫ್ತು ಮಾಡುವವರಿಗೆ ಪರೀಕ್ಷೆ ಕಡ್ಡಾಯವಾಯಿತು. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷದ ಮಿತಿಯೂ ಬಿಗಿ: ಯುರೋಪಿನಲ್ಲಿ ಒಟ್ಟು ಪ್ರಮಾಣ ಕಿಲೋಗೆ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಅದುವರೆಗೆ "ನಮ್ಮ ಮಾಲು ಬಂಗಾರ" ಎಂದು ಎದೆ ತಟ್ಟಿ ಹೇಳಿದರೆ ನಡೆಯುತ್ತಿದ್ದ ಪೇಟೆಯಲ್ಲಿ, ಈ ಚೀಲ ಯಾವ ಊರಿನದು, ಎಲ್ಲಿ ಒಣಗಿತು, ಎಷ್ಟು ದಿನ ಎಲ್ಲಿ ಇತ್ತು ಎಂಬ ಪ್ರಶ್ನೆಗಳು ಬಂದವು.

ಕೇರಳದಲ್ಲಿ ಮೆಣಸಿನಕಾಯಿಯಿಂದ ಬಣ್ಣದ ಸಾರ, ಅಂದರೆ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳಿವೆ. ಅಂಥ ಒಂದು ಕಡೆಯ ಖರೀದಿ ಅಧಿಕಾರಿ ಬಂದಿದ್ದರು. ದೊಡ್ಡವರೆಲ್ಲ ಅವರಿಗೆ ಊಟ ಹಾಕಿಸಿ, ಶಾಲು ಹೊದಿಸಿ, ಮಾತನಾಡಿದರು. ನನ್ನ ಯಜಮಾನರು ಅಂದು ಜ್ವರದಲ್ಲಿದ್ದರು, ನನ್ನನ್ನೇ ಕಳುಹಿಸಿದ್ದರು. ನನಗೆ ಏನು ಹೇಳಬೇಕೆಂದು ತಿಳಿಯದೆ ಐದು ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಇಟ್ಟೆ. ಆ ಮನುಷ್ಯ ಕನ್ನಡಕ ಹಾಕಿಕೊಂಡು ಒಂದೂವರೆ ತಾಸು ಪುಟ ತಿರುವಿದರು. ಕನ್ನಡ ಬಾರದಿದ್ದರೂ ಕಪ್ಪು ಅಂಕಿ, ಕೆಂಪು ಅಂಕಿ ಅವರಿಗೆ ಅರ್ಥವಾದವು. ನಾನು ಎದುರಿಗೆ ಸುಮ್ಮನೆ ಕುಳಿತಿದ್ದೆ. ಹೊರಡುವಾಗ ಅವರು ಕೇಳಿದ್ದು ಒಂದೇ: "ಇದನ್ನು ಬರೆದವರು ಯಾರು?" 2006ರಲ್ಲಿ ನಾನು ಸ್ವಂತ ಲೈಸೆನ್ಸ್ ಮಾಡಿಸಿದಾಗ ಮೊದಲ ಖರೀದಿ ಆದೇಶ ಅವರದೇ.

ಮಾತು ಬಲ್ಲ ಪಾಲುದಾರನನ್ನು ಹುಡುಕಿಕೊ ಎಂದು ಎಲ್ಲರೂ ಹೇಳುತ್ತಾರೆ. ಅದನ್ನೂ ಮಾಡಿ ನೋಡಿದೆ. ಎರಡು ವರ್ಷ. ಒಳ್ಳೆಯ ಮನುಷ್ಯನೇ, ಆದರೆ ಗೋದಾಮಿನಲ್ಲಿ 80 ಚೀಲ ಇದ್ದಾಗ 200 ಚೀಲಕ್ಕೆ ಮಾತು ಕೊಟ್ಟು ಬರುತ್ತಿದ್ದ. ಆ ಮಾತು ಉಳಿಸಲು ಎರಡು ಸಲ ನಷ್ಟಕ್ಕೆ ಕೊಂಡು ಕೊಟ್ಟೆ. ನನ್ನ ಮೌನವನ್ನು ಬೇರೆಯವರ ಮಾತಿನಿಂದ ತುಂಬಿಸಲಾಗದು ಎಂದು ಆಗ ಖಚಿತವಾಯಿತು. ಗಿರಾಕಿಗೆ ಬೇಕಾದದ್ದು ಶುಕ್ರವಾರ ಎಂದರೆ ಶುಕ್ರವಾರ. ಅದನ್ನು ಒಂದು ಸಾಲಿನ ಸಂದೇಶದಲ್ಲಿ ಹೇಳಬಹುದು.

ಮದುವೆ ಮುಂಜಿಗಳ ಬಗ್ಗೆಯೂ ಅವಳು ಕೇಳಿದ್ದಳು. ವ್ಯಾಪಾರದಲ್ಲಿ ಅದು ತಪ್ಪಿಸುವಂಥದ್ದಲ್ಲ. ನಾನು ಆರತಕ್ಷತೆಗೆ ಹೋಗುವುದಿಲ್ಲ, ಮುಹೂರ್ತಕ್ಕೆ ಹೋಗಿ ಅಕ್ಷತೆ ಹಾಕಿ ಬರುತ್ತೇನೆ. ಮುಂದಿನ ವಾರ ಅವರ ಮನೆಗೆ ಒಬ್ಬನೇ ಹೋಗಿ ಅರ್ಧ ತಾಸು ಕುಳಿತಿರುತ್ತೇನೆ. ಸಾವಿರ ಜನರ ನಡುವೆ ಕೈ ಕುಲುಕಿದವರನ್ನು ಯಾರು ನೆನಪಿಡುತ್ತಾರೆ? ಮನೆಗೆ ಬಂದವರನ್ನು ನೆನಪಿಡುತ್ತಾರೆ. ಫೋನು ಮಾಡುವುದಕ್ಕೆ ಮಧ್ಯಾಹ್ನ ಮೂರರಿಂದ ನಾಲ್ಕು. ಹೇಳಬೇಕಾದ್ದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ, ಈಗಲೂ. ಟೆಂಡರ್ ದಿನದ ಸಂಜೆ ಯಾರನ್ನೂ ಭೇಟಿಯಾಗುವುದಿಲ್ಲ. ಅದು ಮನೆಯವರಿಗೂ ಗೊತ್ತು.

ನಮ್ಮ ಅಜ್ಜ ಎತ್ತು ಕೊಳ್ಳಲು ದನದ ಜಾತ್ರೆಗೆ ಹೋದಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಲ್ಲಿ ಕೊಳ್ಳುವವರ, ಮಾರುವವರ ಕೈ ಮೇಲೆ ಒಂದು ಟವೆಲ್ ಮುಚ್ಚಿರುತ್ತಿತ್ತು. ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಸುತ್ತ ಎಷ್ಟೇ ಗದ್ದಲವಿದ್ದರೂ ಆ ಇಬ್ಬರ ನಡುವೆ ಒಂದು ಮಾತೂ ಇಲ್ಲ. ವ್ಯಾಪಾರ ಎಂದರೆ ಬಾಯಿ ಎಂದು ಯಾರಾದರೂ ಹೇಳಿದಾಗ ನನಗೆ ಆ ಟವೆಲ್ ನೆನಪಾಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅವಳಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನನ್ನ ಮೌನ ತಪ್ಪಾದ ಜಾಗವೂ ಒಂದಿದೆ.

2024ರ ಮಾರ್ಚ್ 11, ಸೋಮವಾರ. ಆವಕ ವಿಪರೀತವಾಗಿತ್ತು, ದರ ಕುಸಿದಿತ್ತು. ಮಧ್ಯಾಹ್ನ ಟೆಂಡರ್ ಅಂಕಿಗಳು ಹೊರಬಿದ್ದ ಮೇಲೆ ರೈತರ ಸಿಟ್ಟು ಕಟ್ಟೆಯೊಡೆಯಿತು. ಪ್ರಾಂಗಣದ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಉರಿದವು. ಇದು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದು. ಓದದೆ ಇರುವುದು ಒಂದಿದೆ. ಅದಕ್ಕೆ ಸ್ವಲ್ಪ ಮೊದಲು ಒಬ್ಬ ಹಿರಿಯ ರೈತ ನನ್ನ ತೋಳು ಹಿಡಿದು ನಿಲ್ಲಿಸಿ, "ಯಾಕಪ್ಪಾ ಇಷ್ಟು ಕಡಿಮೆ ಬರೆದೆ? ನನ್ನ ಕಾಯಿಗೆ ಏನಾಗಿದೆ?" ಎಂದು ಕೇಳಿದ್ದರು. ನನ್ನ ಹತ್ತಿರ ಉತ್ತರ ಇತ್ತು. ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಆದರೆ ಸುತ್ತ ಜನ ಸೇರುತ್ತಿದ್ದರು. ನಾನು ಮೊಬೈಲು ನೋಡುತ್ತ ಪಕ್ಕಕ್ಕೆ ಸರಿದುಬಿಟ್ಟೆ. ಆ ರಾತ್ರಿ ಬಾಗಿಲು ಹಾಕಿಕೊಂಡ ಅಂಗಡಿಯೊಳಗೆ ಹೊಗೆಯ ವಾಸನೆಯಲ್ಲಿ ಕುಳಿತಿದ್ದಾಗ ಕಣ್ಣ ಮುಂದೆ ಇದ್ದದ್ದು ಆ ಮುದುಕರ ಮುಖ. ಆರು ತಿಂಗಳು ಹೊಲದಲ್ಲಿ ದುಡಿದವರಿಗೆ ನಾನು ಒಂದು ಅಂಕಿ ಮಾತ್ರ ಕೊಟ್ಟಿದ್ದೆ. ಗಿರಾಕಿಗೆ ಹತ್ತು ಪುಟ ಬರೆದು ಕೊಡುವವನು ರೈತನಿಗೆ ಒಂದು ಸಾಲೂ ಕೊಟ್ಟಿರಲಿಲ್ಲ. ಅದು ಸ್ವಭಾವವಲ್ಲ, ಅನ್ಯಾಯ.

ಜನರ ಮುಂದೆ ನಿಂತು ವಿವರಿಸುವುದು ನನ್ನಿಂದ ಇಂದಿಗೂ ಆಗದು. ಹಾಗಾಗಿ ಚೀಟಿ ಬರೆಯತೊಡಗಿದೆ. ನನ್ನ ದರವೇ ಹೆಚ್ಚಾಗಿ ಟೆಂಡರ್ ನನಗೆ ನಿಂತ ಪ್ರತಿ ಲಾಟಿನ ರೈತನಿಗೂ ಅಂಗೈಯಗಲದ ಒಂದು ಚೀಟಿ: ತೇವ ಎಷ್ಟು, ಬಣ್ಣಗೆಟ್ಟ ಬಿಳಿಗಾಯಿ ಎಷ್ಟು, ಬಣ್ಣದ ಅಂದಾಜು ಎಷ್ಟು, ಇನ್ನೆರಡು ದಿನ ಒಣಗಿಸಿದ್ದರೆ ಏನು ಬರೆಯುತ್ತಿದ್ದೆ. ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡದೆ ಇರುವ ಹಕ್ಕು ರೈತನಿಗಿದೆ. ಆ ಚೀಟಿ ಹಿಡಿದು ಅವನು ಯೋಚಿಸಬಹುದು, ಇನ್ನೊಬ್ಬರಿಗೆ ತೋರಿಸಬಹುದು. ಟೆಂಡರ್ ದಿನ 15ರಿಂದ 20 ಚೀಟಿ ಬರೆಯುತ್ತೇನೆ. ಕೈಯಲ್ಲಿ ಕೊಟ್ಟು, ಒಬ್ಬೊಬ್ಬರ ಎದುರಿಗೂ ಎರಡು ನಿಮಿಷ ನಿಲ್ಲುತ್ತೇನೆ.

ಈ ಸಲದ ಸುಗ್ಗಿಯ ಆರಂಭದಲ್ಲಿ ರೋಣ ತಾಲ್ಲೂಕಿನ ಒಬ್ಬ ರೈತ ಅಂಗಿಯ ಜೇಬಿನಿಂದ ಕಳೆದ ವರ್ಷದ ಚೀಟಿ ತೆಗೆದು ನನ್ನ ಮುಂದೆ ಹಿಡಿದ. ಮಡಿಕೆಯ ಗೆರೆಯಲ್ಲಿ ಹರಿದಿತ್ತು.

"ಸಾಹುಕಾರರೇ, ನೀವು ಬರೆದದ್ದು ಅರ್ಧ ಸರಿ. ತೇವ ಜಾಸ್ತಿ ಅಂತ ಬರೆದಿದ್ದೀರಿ. ಜಾಸ್ತಿ ಇತ್ತು, ಇಲ್ಲ ಅನ್ನುವುದಿಲ್ಲ. ತೂಕಕ್ಕೆ ನೀರು ಹೊಡೆದವನಲ್ಲ ನಾನು. ಎರಡನೇ ಬಿಡಿಸು ಕಣದಲ್ಲಿ ಇದ್ದಾಗ ಮಳೆ ಬಂತು. ಮೂರು ರಾತ್ರಿ ತಾಡಪತ್ರಿ ಹಿಡಿದುಕೊಂಡು ಕುಳಿತಿದ್ದೇವೆ, ನಾನು ಮತ್ತು ನನ್ನ ಹೆಂಡತಿ."

ನಾನು ನೀರು ಹೊಡೆದಿದ್ದಾನೆ ಎಂದು ಬರೆದಿರಲಿಲ್ಲ. ಆದರೆ 'ತೇವ' ಎಂಬ ಒಂದೇ ಪದವನ್ನು ಒಂದು ವರ್ಷ ಜೇಬಿನಲ್ಲಿಟ್ಟುಕೊಂಡವನಿಗೆ ಅದು ಹಾಗೆಯೇ ಕೇಳಿಸಿದೆ. ಅಲ್ಲಿಯೇ ಒಂದು ಚೀಲದ ಮೇಲೆ ಕುಳಿತು, ಹಳೆಯ ನೋಟ್‌ಬುಕ್ ತರಿಸಿ, ಅವನ ಲಾಟಿನ ಸಾಲಿನ ಕೆಳಗೆ "ಎರಡನೇ ಬಿಡಿಸು, ಕಣದಲ್ಲಿ ಮಳೆ, ಮೂರು ರಾತ್ರಿ" ಎಂದು ಬರೆದೆ. ಪುಟವನ್ನು ಅವನ ಕಡೆ ತಿರುಗಿಸಿದೆ. ಅವನು ಬೆರಳಿಟ್ಟು ನಿಧಾನವಾಗಿ ಓದಿಕೊಂಡ. ಆಮೇಲೆ ಬಗ್ಗಿ ಈ ವರ್ಷದ ಚೀಲದ ಬಾಯಿ ಬಿಚ್ಚಿದ.